ಕಡ್ಡಿ ಪೂರ್ತಿ ಇದೆ, ಮೆಸೇಜ್ ಹೋಗ್ತಿಲ್ಲ: ಜನಜಂಗುಳಿಯನ್ನು ಲ್ಯಾಬ್‌ನಲ್ಲಿ ಹುಟ್ಟಿಸುವುದು ಹೇಗೆ?

ಪ್ರಶ್ನೆ: ನಾನು ವೆಬ್‌ಸೈಟ್‌ಗಳ ಲೋಡ್ ಟೆಸ್ಟಿಂಗ್ ಮಾಡುತ್ತೇನೆ, ಅಂದರೆ ಒಟ್ಟಿಗೆ ತುಂಬ ಜನ ಬಂದರೆ ಸೈಟ್ ತಡೆಯುತ್ತದಾ ಅಂತ ನೋಡುವುದು. ಮೊನ್ನೆ ಕ್ರೀಡಾಂಗಣಕ್ಕೆ ಮ್ಯಾಚ್ ನೋಡಲು ಹೋಗಿದ್ದೆ. ಫೋನ್‌ನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಇತ್ತು, ಆದರೆ ಒಂದು ಮೆಸೇಜ್ ಕೂಡ ಹೋಗಲಿಲ್ಲ. ಇಷ್ಟು ಜನ ಸೇರಿದರೆ ಏನಾಗುತ್ತದೆ ಅಂತ ಮೊಬೈಲ್ ಕಂಪನಿಗಳು ಮೊದಲೇ ಪರೀಕ್ಷೆ ಮಾಡಿ ನೋಡುವುದಿಲ್ಲವೇ? ಮಾಡುವುದಾದರೆ ಸಾವಿರಾರು ಫೋನ್ ತಂದು ಇಡುತ್ತಾರಾ? ವೆಬ್‌ಸೈಟ್ ಲೋಡ್ ಟೆಸ್ಟ್‌ಗೂ ಇದಕ್ಕೂ ಏನು ವ್ಯತ್ಯಾಸ? ನನ್ನ ಲ್ಯಾಪ್‌ಟಾಪ್‌ನಲ್ಲೇ ಇದನ್ನು ಸ್ವಲ್ಪ ಮಾಡಿ ನೋಡಬಹುದಾ?

ಉತ್ತರ: ಮೊದಲು ಆ ಕಡ್ಡಿಗಳ ವಿಷಯ ಮುಗಿಸಿಬಿಡೋಣ. ಟವರ್ ಸದಾ ಒಂದು ಗುರುತಿನ ಸಿಗ್ನಲ್ ಬಿಡುತ್ತಿರುತ್ತದೆ. ಅದು ನಿಮ್ಮ ಫೋನಿಗೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಅನ್ನುವುದನ್ನಷ್ಟೇ ಕಡ್ಡಿ ತೋರಿಸುತ್ತದೆ. ಟವರ್‌ಗೆ ನಿಮ್ಮ ಮಾತು ಕೇಳಲು ಪುರುಸೊತ್ತು ಇದೆಯಾ ಅನ್ನುವುದು ಕಡ್ಡಿಗೆ ಗೊತ್ತಿಲ್ಲ. ಬಸ್ ಕಣ್ಣೆದುರೇ ನಿಂತಿದೆ. ಒಳಗೆ ಕಾಲಿಡಲು ಜಾಗ ಇದೆಯಾ ಅನ್ನುವುದು ಬೇರೆ ಮಾತು, ಅಲ್ವಾ?

ಪರೀಕ್ಷೆ ಮಾಡುತ್ತಾರಾ ಅಂದರೆ, ಖಂಡಿತ ಮಾಡುತ್ತಾರೆ. ನನ್ನ ಹೊಟ್ಟೆಪಾಡೇ ಅದು. ಆದರೆ ಈ ಕೆಲಸದಲ್ಲಿ ಇಷ್ಟು ವರ್ಷ ಇದ್ದು ನನಗೆ ಒಂದು ತಕರಾರು ಉಳಿದುಕೊಂಡಿದೆ. ಬಹಳಷ್ಟು ಪರೀಕ್ಷೆಗಳು ಡೇಟಾವನ್ನು ನಕಲು ಮಾಡುತ್ತವೆ, ಜನರನ್ನು ನಕಲು ಮಾಡುವುದಿಲ್ಲ. ಸೆಕೆಂಡಿಗೆ ಇಷ್ಟು ಗಿಗಾಬಿಟ್ ಹರಿಸಿದೆವು, ನೆಟ್‌ವರ್ಕ್ ತಡೆದುಕೊಂಡಿತು, ವರದಿ ಬರೆದೆವು, ಮುಗಿಯಿತು. ಕ್ರೀಡಾಂಗಣದಲ್ಲಿ ನೆಟ್‌ವರ್ಕ್ ಕೈಕೊಡುವುದು ಎಷ್ಟೋ ಸಲ ಗಿಗಾಬಿಟ್‌ನಿಂದ ಅಲ್ಲ. ಜನ ನಡೆದುಕೊಳ್ಳುವ ರೀತಿಯಿಂದ.

ನಿಮ್ಮ ವೆಬ್‌ಸೈಟ್‌ಗೆ ಹೋಲಿಸಿ ನೋಡಿ. ಅಲ್ಲಿ ಬಳಕೆದಾರ ಕೇಳುತ್ತಾನೆ, ಸರ್ವರ್ ಉತ್ತರ ಕೊಡುತ್ತದೆ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಕೇಳುವುದಕ್ಕೂ ಮುಂಚೆ ಒಳಗೆ ಬರಬೇಕು. ಜೇಬಿನಲ್ಲಿ ಸುಮ್ನೆ ಮಲಗಿರುವ ಫೋನಿಗೆ ಟವರ್ ಜೊತೆ ಜೀವಂತ ಸಂಪರ್ಕ ಇರುವುದಿಲ್ಲ. ನೀವು ಮೆಸೇಜ್ ಕಳಿಸಲು ಒತ್ತಿದಾಗ ಅದು ಎದ್ದು ಬಾಗಿಲು ಬಡಿಯಬೇಕು. ಬಡಿಯುವುದಕ್ಕೂ ಒಂದು ಕ್ರಮ ಇದೆ. 4ಜಿಯಲ್ಲಿ ಒಂದೊಂದು ಸೆಲ್‌ಗೆ (ಟವರ್‌ನ ಒಂದು ಆಂಟೆನಾ ನೋಡಿಕೊಳ್ಳುವ ಪ್ರದೇಶ) 64 ಗುರುತುಗಳಿರುತ್ತವೆ, ಇವಕ್ಕೆ ಪ್ರಿಯಾಂಬಲ್ ಅನ್ನುತ್ತೇವೆ. ಕೆಲವನ್ನು ಹ್ಯಾಂಡೋವರ್‌ನಂಥ (ಫೋನ್ ಒಂದು ಸೆಲ್‌ನಿಂದ ಇನ್ನೊಂದಕ್ಕೆ ದಾಟುವ) ಕೆಲಸಕ್ಕೆ ತೆಗೆದಿಡುತ್ತಾರೆ. ಉಳಿದದ್ದು ಎಲ್ಲರಿಗೂ. 54 ಉಳಿಯಿತು ಅಂತ ಇಟ್ಟುಕೊಳ್ಳಿ. ಪ್ರತಿ ಫೋನ್ ಕಣ್ಣುಮುಚ್ಚಿ ಅದರಲ್ಲೊಂದನ್ನು ಆರಿಸಿ ಕಳಿಸುತ್ತದೆ. ಇಬ್ಬರು ಒಂದೇ ಗುರುತನ್ನು ಒಂದೇ ಕ್ಷಣದಲ್ಲಿ ಆರಿಸಿದರೆ ಡಿಕ್ಕಿ. ಸ್ವಲ್ಪ ಹೊತ್ತು ಕಾದು ಮತ್ತೆ ಬಡಿಯಬೇಕು.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಡಿಕ್ಕಿಯಾದವರೆಲ್ಲ ಸೋತರು ಅಂತ ಹಿಡಿದರೆ, ಒಂದೇ ಅವಕಾಶದಲ್ಲಿ 54 ಫೋನ್ ಬಂದಾಗ ಸರಾಸರಿ 20 ಫೋನ್ ಒಳಗೆ ಹೋಗುತ್ತವೆ. 108 ಬಂದರೆ 14 ಅಥವಾ 15 ಮಾತ್ರ. 200 ಬಂದರೆ ಐದೂ ಇಲ್ಲ! ಜನ ಜಾಸ್ತಿಯಾದಷ್ಟೂ ಒಳಗೆ ಹೋಗುವವರ ಸಂಖ್ಯೆಯೇ ಇಳಿಯುತ್ತದೆ. ನೆಟ್‌ವರ್ಕ್ ನಿಧಾನವಾಗುವುದು ಒಂದು ಕಥೆ. ಹೀಗೆ ಬಾಗಿಲಲ್ಲೇ ಕುಸಿಯುವುದು ಇನ್ನೊಂದು ಕಥೆ. ಒಳಗೆ ಹಾಲ್ ಅರ್ಧ ಖಾಲಿ ಇರಬಹುದು, ಬಾಗಿಲಲ್ಲಿ ಮಾತ್ರ ನೂಕುನುಗ್ಗಲು. ಇಂಥ ಅವಕಾಶಗಳು ಕೆಲವೇ ಮಿಲಿಸೆಕೆಂಡಿಗೊಮ್ಮೆ ಬರುತ್ತವೆ ಅನ್ನುವುದು ನಿಜ, ಆದ್ದರಿಂದ ಮಾಮೂಲಿ ದಿನ ಏನೂ ಗೊತ್ತಾಗುವುದಿಲ್ಲ. ಗೋಲ್ ಬಿದ್ದ ಕ್ಷಣ ಮಾಮೂಲಿ ಅಲ್ಲವಲ್ಲ. ಎಲ್ಲರೂ ಒಟ್ಟಿಗೆ ಫೋನ್ ಎತ್ತುತ್ತಾರೆ. ಮೊಬೈಲ್ ತಂತ್ರಜ್ಞಾನದ ನಿಯಮ ಬರೆಯುವ 3ಜಿಪಿಪಿ ಸಂಸ್ಥೆ ಇದರ ಬಗ್ಗೆ ಅಧ್ಯಯನ ಮಾಡಿದಾಗ, ಒಂದು ಸೆಲ್‌ನಲ್ಲಿ 30,000 ಯಂತ್ರಗಳು 10 ಸೆಕೆಂಡಿನೊಳಗೆ ಬಾಗಿಲು ಬಡಿದರೆ ಏನಾದೀತು ಅನ್ನುವುದನ್ನು ಒಂದು ಮಾದರಿಯಾಗಿ ಇಟ್ಟುಕೊಂಡಿತ್ತು. ಹೋದ ಕರೆಂಟ್ ವಾಪಸ್ ಬಂದಾಗ ಸ್ಮಾರ್ಟ್ ಮೀಟರ್‌ಗಳೆಲ್ಲ ಒಟ್ಟಿಗೆ ಎದ್ದರೆ ಹೀಗೆಯೇ ಆಗುತ್ತದೆ.

ಬರೀ ಮಾತಿನ ಕಾಲದಲ್ಲಿ ಬದುಕು ಸುಲಭ ಇತ್ತು. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎ. ಕೆ. ಎರ್ಲಾಂಗ್ 1909ರಲ್ಲಿ ಶುರು ಮಾಡಿ 1917ರ ಹೊತ್ತಿಗೆ ಒಂದು ಸೂತ್ರ ಕೊಟ್ಟ. ಅವನ ಹೆಸರೇ ಈಗ ಅಳತೆಯ ಮಾನ. ಒಂದು ಲೈನ್ ಒಂದು ಗಂಟೆ ಪೂರ್ತಿ ಬಿಡುವಿಲ್ಲದೆ ಇದ್ದರೆ ಒಂದು ಎರ್ಲಾಂಗ್. 600 ಜನ ಗಂಟೆಯಲ್ಲಿ ತಲಾ ಎರಡು ನಿಮಿಷ ಮಾತಾಡಿದರೆ 20 ಎರ್ಲಾಂಗ್. ನೂರು ಕರೆಗಳಲ್ಲಿ ಎರಡಕ್ಕಿಂತ ಹೆಚ್ಚು ತಪ್ಪಬಾರದು ಅಂದರೆ 28 ಲೈನ್ ಬೇಕು. ಅರ್ಧ ಜನ ಇದ್ದರೆ 10 ಎರ್ಲಾಂಗ್. ಅದಕ್ಕೆ 14 ಸಾಲದು, 17 ಬೇಕು. ಗುಂಪು ದೊಡ್ಡದಾದಷ್ಟೂ ತಲಾ ಖರ್ಚು ಕಡಿಮೆ. ಚೆಂದದ ಸೂತ್ರ. ಆದರೆ ಅದು ಎರಡು ವಿಷಯಗಳನ್ನು ನಂಬಿಕೊಂಡಿದೆ. ಒಂದು, ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ತಮ್ಮ ಪಾಡಿಗೆ ಕರೆ ಮಾಡುತ್ತಾರೆ. ಎರಡು, ಲೈನ್ ಸಿಗದಿದ್ದರೆ ಸುಮ್ನೆ ಹೊರಟುಹೋಗುತ್ತಾರೆ. ಕ್ರೀಡಾಂಗಣದಲ್ಲಿ ಎರಡೂ ಸುಳ್ಳು. ಡೇಟಾ ಬಂದ ಮೇಲಂತೂ ಸರಾಸರಿ ನಂಬಿ ಕೂರುವ ಹಾಗೇ ಇಲ್ಲ. ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನ ಸಂಶೋಧಕರು 1990ರ ದಶಕದ ಮೊದಲಲ್ಲಿ ಅಳೆದು ತೋರಿಸಿದ್ದರು. ಕಂಪ್ಯೂಟರ್ ನೆಟ್‌ವರ್ಕ್‌ನ ಏರಿಳಿತ ಸೆಕೆಂಡಿನಲ್ಲಿ ನೋಡಿದರೂ, ಗಂಟೆಯಲ್ಲಿ ನೋಡಿದರೂ ಹಾಗೇ ಇರುತ್ತದೆ, ಸಮನಾಗಿ ಸವೆಯುವುದಿಲ್ಲ.

ಸಾವಿರಾರು ಫೋನ್ ಇಡುತ್ತಾರಾ ಅಂತ ಕೇಳಿದಿರಿ. ನಿಜವಾದ ಫೋನ್‌ಗಳನ್ನೂ ಇಡುತ್ತೇವೆ. ಆದರೆ ಕೆಲವು ಡಜನ್, ಜಾಸ್ತಿ ಅಂದರೆ ಕೆಲವು ನೂರು. ಒಂದೊಂದು ಕಂಪನಿಯ ಚಿಪ್‌ಗೂ ಅದರದೇ ಚಾಳಿ ಇರುತ್ತದೆ, ಅದನ್ನು ನೋಡಲು ಅಸಲಿ ಫೋನೇ ಬೇಕು. ಸಾವಿರದ ಲೆಕ್ಕಕ್ಕೆ ಬೇರೆ ಯಂತ್ರ ಇದೆ. ಅದನ್ನು ಯುಇ ಸಿಮ್ಯುಲೇಟರ್ ಅನ್ನುತ್ತಾರೆ. ಯುಇ ಅಂದರೆ ನಮ್ಮ ಭಾಷೆಯಲ್ಲಿ ಫೋನ್. ರ‍್ಯಾಕ್‌ನಲ್ಲಿ ಕೂರುವ ಒಂದು ಡಬ್ಬಿ, ಸಾವಿರಾರು ಫೋನ್‌ಗಳಂತೆ ವೇಷ ಹಾಕುತ್ತದೆ. ಬೇಸ್ ಸ್ಟೇಷನ್‌ಗೆ, ಅಂದರೆ ಟವರ್‌ನ ಯಂತ್ರಕ್ಕೆ, ತಾನು ಮೋಸಹೋಗುತ್ತಿರುವುದು ಗೊತ್ತಾಗುವುದಿಲ್ಲ. ಪ್ರತಿ ನಕಲಿ ಫೋನಿಗೂ ತನ್ನದೇ ಸಿಮ್ ಸಂಖ್ಯೆ, ತನ್ನದೇ ಗುಟ್ಟಿನ ಕೀಲಿ. ಅಸಲಿ ಫೋನ್ ಹಾಗೆಯೇ ಬಾಗಿಲು ಬಡಿಯುತ್ತದೆ, ಗುರುತು ತೋರಿಸುತ್ತದೆ, ವಿಡಿಯೊ ಕೇಳುತ್ತದೆ, ಪಕ್ಕದ ಸೆಲ್‌ಗೆ ಓಡುತ್ತದೆ.

ಇದೆಲ್ಲ ಗಾಳಿಯಲ್ಲಿ ನಡೆಯುವುದಿಲ್ಲ. ಡಬ್ಬಿಗೂ ಬೇಸ್ ಸ್ಟೇಷನ್‌ಗೂ ನಡುವೆ ಕೇಬಲ್. ಕೇಬಲ್‌ನಲ್ಲಿ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್. ಸುತ್ತ ತರಂಗ ಸೋರದ ಲೋಹದ ಕೋಣೆ ಅಥವಾ ಪೆಟ್ಟಿಗೆ. ನೆಟ್‌ವರ್ಕ್ ಸಂಖ್ಯೆಯಾಗಿ 001-01 ಹಾಕುತ್ತೇವೆ. ಅದು ಪರೀಕ್ಷೆಗೆಂದೇ ಮೀಸಲಾದ ಸಂಖ್ಯೆ, ಯಾವ ಕಂಪನಿಯದ್ದೂ ಅಲ್ಲ. ಇಷ್ಟೆಲ್ಲ ಎಚ್ಚರಿಕೆ ಬರೀ ಲೈಸೆನ್ಸ್ ನಿಯಮಕ್ಕಾಗಿ ಅಲ್ಲ. ತನ್ನ ನೆಟ್‌ವರ್ಕ್ ಸಿಗದ ಫೋನ್ ತುರ್ತು ಕರೆಗಾಗಿ ಯಾವ ಸೆಲ್ ಸಿಕ್ಕಿದರೂ ಅದಕ್ಕೆ ಅಂಟಿಕೊಳ್ಳಬಹುದು. ನಮ್ಮ ಲ್ಯಾಬ್‌ನ ಸೆಲ್ ಹೊರಗೆ ಸೋರಿ, ದಾರಿಹೋಕನೊಬ್ಬನ ಆಂಬುಲೆನ್ಸ್ ಕರೆ ನಮ್ಮ ಖಾಲಿ ಯಂತ್ರದಲ್ಲಿ ಬಂದು ಸಿಕ್ಕಿಕೊಂಡರೆ?

ನಕಲಿ ಫೋನ್‌ಗಳು ಎಲ್ಲಿ ನಿಂತಿವೆ ಅನ್ನುವುದರಲ್ಲೇ ಮುಕ್ಕಾಲು ಪಾಲು ಜನ ಎಡವುವುದು. ಟವರ್ ಹಂಚುವುದು ಎಂಬಿಗಳನ್ನಲ್ಲ, ಸಮಯ ಮತ್ತು ತರಂಗಾಂತರದ ಚೂರುಗಳನ್ನು. 20 ಮೆಗಾಹರ್ಟ್ಸ್‌ನ 4ಜಿ ಸೆಲ್‌ನಲ್ಲಿ ಪ್ರತಿ ಮಿಲಿಸೆಕೆಂಡಿಗೂ ಹಂಚಲು ಇಂಥ 100 ತುಂಡುಗಳಿರುತ್ತವೆ. ಟವರ್ ಪಕ್ಕದಲ್ಲಿರುವ ಫೋನಿಗೆ ಒಂದು ಸಂಕೇತದಲ್ಲಿ 8 ಬಿಟ್ ತುಂಬಿ ಕಳಿಸಬಹುದು. ಅಂಚಿನಲ್ಲಿರುವವನಿಗೆ ಎರಡೇ ಬಿಟ್, ಅದರಲ್ಲೂ ತಪ್ಪು ತಿದ್ದುವುದಕ್ಕೆಂದು ಒಂದಷ್ಟು ಹೋಗುತ್ತದೆ. ಅಂದರೆ ಅದೇ ವಿಡಿಯೊ ನೋಡಲು ಅಂಚಿನ ಮನುಷ್ಯ ಹಲವು ಪಟ್ಟು ಜಾಗ ತಿನ್ನುತ್ತಾನೆ. ಎಲ್ಲ ಸಾವಿರ ಫೋನ್‌ಗಳನ್ನೂ ಟವರ್ ಬುಡದಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದರೆ ಅಂಕಿ ಚೆನ್ನಾಗಿಯೇ ಬರುತ್ತದೆ. ಮಾರಾಟ ವಿಭಾಗದವರಿಗೆ ಖುಷಿ. ಅಸಲಿ ಜನ ಗೋಡೆ ಹಿಂದೆ, ಮೆಟ್ಟಿಲ ಕೆಳಗೆ, ಇನ್ನೊಬ್ಬರ ಬೆನ್ನ ಹಿಂದೆ ಇರುತ್ತಾರೆ.

ಇದರ ಜೊತೆಗೆ ಪಕ್ಕದ ಸೆಲ್‌ಗಳ ಗಲಾಟೆ. ಅವು ಖಾಲಿ ಇದ್ದಾಗ ನಿಮ್ಮ ಸೆಲ್ ಶುದ್ಧವಾಗಿ ಕೇಳುತ್ತದೆ, ತುಂಬಿದ್ದಾಗ ಇಲ್ಲ. ಹೊಸ ನೆಟ್‌ವರ್ಕ್ ಹಾಕಿದಾಗ ಇನ್ನೂ ಗಿರಾಕಿಗಳೇ ಇರುವುದಿಲ್ಲ, ಗಲಾಟೆ ಎಲ್ಲಿಂದ ತರುವುದು? ಅದಕ್ಕೊಂದು ಹಳೆಯ ಉಪಾಯ ಇದೆ. ಬೇಸ್ ಸ್ಟೇಷನ್‌ಗಳಿಗೆ ಖಾಲಿ ಜಾಗದಲ್ಲೆಲ್ಲ ಅರ್ಥವಿಲ್ಲದ ಬಿಟ್‌ಗಳನ್ನು ಕೂಗು ಅಂತ ಹೇಳುತ್ತೇವೆ. ಸಿಡಿಎಂಎ ಅನ್ನುವ ಹಳೆಯ ಮೊಬೈಲ್ ತಂತ್ರಜ್ಞಾನದ ಕಾಲದಿಂದಲೂ ಇದಕ್ಕೆ ಓಸಿಎನ್ಎಸ್ ಅನ್ನುವ ಹೆಸರು. ಅದು ಕೂಗುತ್ತಿರುವಾಗ ಕಾರಿನಲ್ಲಿ ಫೋನ್ ಇಟ್ಟುಕೊಂಡು ಬೀದಿ ಬೀದಿ ಸುತ್ತಿ ಅಳೆಯುತ್ತೇವೆ. ಬಡ ಉಪಾಯ, ಆದರೆ ಕೆಲಸ ಮಾಡುತ್ತದೆ. ಒಂದೇ ಕೊರತೆ ಅಂದರೆ ಟವರ್‌ನಿಂದ ಫೋನ್ ಕಡೆಗೆ ಬರುವ ದಿಕ್ಕನ್ನು ಮಾತ್ರ ಅದು ತುಂಬಿಸುತ್ತದೆ. ಕ್ರೀಡಾಂಗಣದ ಕಾಯಿಲೆ ಬೇರೆ. ಅಲ್ಲಿ ಜನ ವಿಡಿಯೊ ನೋಡುವುದಷ್ಟೇ ಅಲ್ಲ, ಕಳಿಸುವುದೂ ಬಹಳ. ಮಾಮೂಲಿಯಾಗಿ ನೆಟ್‌ವರ್ಕ್ ಇಳಿಯುವ ದಿಕ್ಕಿಗೆ ಹೆಚ್ಚು ಜಾಗ ಕೊಟ್ಟಿರುತ್ತದೆ, ಏರುವ ದಿಕ್ಕಿಗೆ ಕಡಿಮೆ. ಹಾಗಾಗಿ ಏರುವ ದಿಕ್ಕನ್ನು ಬೇರೆಯಾಗಿಯೇ ಹಿಂಡಿ ನೋಡಬೇಕು.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಹಿಂದೆ ಒಂದು ಲ್ಯಾಬ್‌ನಲ್ಲಿ ಸಾವಿರಾರು ನಕಲಿ ಫೋನ್‌ಗಳನ್ನು ಬಿಟ್ಟಿದ್ದೆವು. ಗ್ರಾಫ್ ನೋಡಿದರೆ ಬಾಚಣಿಗೆ ಹಲ್ಲಿನಂತೆ ಸುಮಾರು 54 ನಿಮಿಷಕ್ಕೊಮ್ಮೆ ಒಂದು ಭಾರೀ ಏರಿಕೆ, ಆ ಕ್ಷಣದಲ್ಲಿ ಒಂದಷ್ಟು ಫೋನ್‌ಗಳಿಗೆ ನಿರಾಕರಣೆ. ನಮಗೆಲ್ಲ ಉತ್ಸಾಹ. ದೊಡ್ಡ ಬಗ್ ಸಿಕ್ಕಿತು ಅಂತ ಎರಡು ದಿನ ಕೋರ್ (ಟವರ್‌ಗಳ ಹಿಂದೆ ನಿಂತು ನೋಂದಣಿ, ಕರೆ, ಡೇಟಾ ನೋಡಿಕೊಳ್ಳುವ ಕೇಂದ್ರ ಯಂತ್ರಗಳು) ತಂಡದವರ ತಲೆ ತಿಂದೆವು. ಕೊನೆಗೆ ನೋಡಿದರೆ ತಪ್ಪು ನಮ್ಮ ಸ್ಕ್ರಿಪ್ಟ್‌ನದು. ಎಲ್ಲ ಫೋನ್‌ಗಳನ್ನೂ ಒಂದೇ ಕ್ಷಣದಲ್ಲಿ ಆನ್ ಮಾಡಿದ್ದೆವು. ಸುಮ್ಮನಿರುವ ಫೋನ್ ಕೂಡ ಆಗಾಗ "ನಾನು ಇಲ್ಲೇ ಇದ್ದೇನೆ" ಅಂತ ನೆಟ್‌ವರ್ಕ್‌ಗೆ ಹಾಜರಿ ಹಾಕಬೇಕು. 4ಜಿಯಲ್ಲಿ ಅದರ ಟೈಮರ್, ಬದಲಿಸದೆ ಬಿಟ್ಟರೆ, 54 ನಿಮಿಷ. ಒಟ್ಟಿಗೆ ಹುಟ್ಟಿದ ಫೋನ್‌ಗಳೆಲ್ಲ ಒಟ್ಟಿಗೇ ಹಾಜರಿ ಹಾಕುತ್ತಿದ್ದವು. ಆಮೇಲಿಂದ ನಾನು ಪ್ರತಿ ಪರೀಕ್ಷೆಯಲ್ಲೂ ಫೋನ್‌ಗಳನ್ನು ಚದುರಿಸಿ ಆನ್ ಮಾಡುತ್ತೇನೆ. ಆದರೆ ಆ ಬಾಚಣಿಗೆ ಸ್ಕ್ರಿಪ್ಟನ್ನು ಎಸೆಯಲಿಲ್ಲ. ಯಾಕೆ ಅಂತ ಈಗ ಹೇಳುತ್ತೇನೆ.

ನೀವು ವೆಬ್ ಲೋಡ್ ಟೆಸ್ಟ್‌ನಲ್ಲಿ ನೂರು ಬಳಕೆದಾರರನ್ನು ಇಡುತ್ತೀರಿ. ಪ್ರತಿಯೊಬ್ಬ ಉತ್ತರ ಬರುವವರೆಗೆ ಕಾದು ಮುಂದಿನದನ್ನು ಕೇಳುತ್ತಾನೆ. ಸರ್ವರ್ ನಿಧಾನವಾದರೆ ಅವನೂ ನಿಧಾನ. ಲೋಡ್ ತಾನಾಗಿಯೇ ಇಳಿಯುತ್ತದೆ. ಎಂಥ ಸಭ್ಯ ಬಳಕೆದಾರ! ಅಸಲಿ ಜನ ಇದರ ತದ್ವಿರುದ್ಧ. ಮೆಸೇಜ್ ಹೋಗಲಿಲ್ಲ ಅಂದರೆ ಇನ್ನೊಂದು ಸಲ ಒತ್ತುತ್ತಾರೆ. ಏರ್‌ಪ್ಲೇನ್ ಮೋಡ್ ಹಾಕಿ ತೆಗೆಯುತ್ತಾರೆ, ಫೋನ್ ಆಫ್ ಮಾಡಿ ಆನ್ ಮಾಡುತ್ತಾರೆ. ಅವರ ಆ್ಯಪ್‌ಗಳೂ ಹಿನ್ನೆಲೆಯಲ್ಲಿ ಅದನ್ನೇ ಮಾಡುತ್ತಿರುತ್ತವೆ. ಏರ್‌ಪ್ಲೇನ್ ಮೋಡ್ ತೆಗೆದಾಗಲೆಲ್ಲ ಹೊಸದಾಗಿ ಬಾಗಿಲು ಬಡಿತ, ಹೊಸದಾಗಿ ನೋಂದಣಿ. ಸೋತವರೇ ಲೋಡ್ ಹೆಚ್ಚಿಸುತ್ತಾರೆ, ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಈ ಅಸಹನೆ ಇಲ್ಲದಿದ್ದರೆ ಅದು ಜನಜಂಗುಳಿಯ ಪರೀಕ್ಷೆಯೇ ಅಲ್ಲ.

ಜಪಾನಿನ ಕೆಡಿಡಿಐ ನೆಟ್‌ವರ್ಕ್‌ನಲ್ಲಿ 2022ರ ಜುಲೈ 2ರಂದು ಆದದ್ದು ನೋಡಿ. ನಡುರಾತ್ರಿ ನಿರ್ವಹಣೆ ಕೆಲಸದಲ್ಲಿ ಒಂದು ರೂಟರ್ ಬದಲಿಸುವಾಗ ಸ್ವಲ್ಪ ಹೊತ್ತು ಕರೆಗಳ ಸಂಚಾರ ತಪ್ಪಿತು. ಹಳೆಯ ಸ್ಥಿತಿಗೆ ತಂದರು. ಅಷ್ಟರಲ್ಲಿ ಫೋನ್‌ಗಳ ಮರುನೋಂದಣಿ ಕೋರಿಕೆಗಳು ಪ್ರವಾಹದಂತೆ ಬಂದು ವೋಲ್ಟಿ (4ಜಿ ಮೇಲೆ ಮಾತಿನ ಕರೆ ನಡೆಸುವ) ಯಂತ್ರಗಳನ್ನು ಮುಳುಗಿಸಿದವು. ಅದರ ಪೆಟ್ಟು ಗ್ರಾಹಕರ ವಿವರ ಇಡುವ ಡೇಟಾಬೇಸ್‌ಗೂ ತಗುಲಿತು. ಸೇವೆ ಹದಗೆಟ್ಟದ್ದು 61 ಗಂಟೆಗೂ ಹೆಚ್ಚು. ಮೂಲ ತೊಂದರೆ ಸಣ್ಣದು. ಅದಾದ ಮೇಲೆ ಎಲ್ಲರೂ ಒಟ್ಟಿಗೆ ವಾಪಸ್ ಬಂದದ್ದೇ ದೊಡ್ಡದು. ನನ್ನ ಬಾಚಣಿಗೆ ಸ್ಕ್ರಿಪ್ಟ್ ಇಂಥದ್ದಕ್ಕೇ ಬೇಕು. ಲೋಡ್ ತುಂಬಿರುವಾಗ ಕೋರ್‌ನ ಒಂದು ಯಂತ್ರದ ವೈರ್ ಕೀಳುತ್ತೇನೆ, ಮತ್ತೆ ಹಾಕುತ್ತೇನೆ. ಎಲ್ಲ ಫೋನ್‌ಗಳೂ ಒಂದೇ ಸಲ ಹಿಂದಿರುಗಲಿ. ಗಡಿಯಾರ ಹಿಡಿದು ಕೂರುತ್ತೇನೆ. ಎಷ್ಟು ನಿಮಿಷದಲ್ಲಿ ಎಲ್ಲ ಸರಿಹೋಯಿತು ಅನ್ನುವುದೇ ನನಗೆ ಎಲ್ಲಕ್ಕಿಂತ ಮುಖ್ಯ ಅಂಕಿ. ತುಂಬ ಜನರ ವರದಿಯಲ್ಲಿ ಆ ಅಂಕಿ ಇರುವುದೇ ಇಲ್ಲ.

ಲೋಡ್ ಏರಿಸುವುದು ಮೆಟ್ಟಿಲು ಮೆಟ್ಟಿಲಾಗಿ. ವಿನ್ಯಾಸದ ಮಿತಿಯ ಅರ್ಧದಿಂದ ಶುರು ಮಾಡಿ, ಮಿತಿ ಮುಟ್ಟಿ, ಅದನ್ನೂ ದಾಟಿ 150 ಪ್ರತಿಶತಕ್ಕೆ ಒಯ್ಯುತ್ತೇವೆ. ಮಿತಿ ದಾಟಿದ ಮೇಲೆ ಏನನ್ನು ನಿರೀಕ್ಷಿಸಬೇಕು? ಎಲ್ಲರಿಗೂ ಸೇವೆ ಸಿಗುವುದಿಲ್ಲ, ಅದು ತಪ್ಪಲ್ಲ. ಒಳ್ಳೆಯ ನೆಟ್‌ವರ್ಕ್ ನೂರು ಜನರಿಗೆ ಕೆಲಸ ಮಾಡಿಕೊಟ್ಟು, ಉಳಿದ ಐವತ್ತು ಜನರಿಗೆ "ಇಷ್ಟು ಸೆಕೆಂಡ್ ಬಿಟ್ಟು ಬನ್ನಿ" ಅನ್ನುತ್ತದೆ. ಕೆಟ್ಟದ್ದು ನೂರೈವತ್ತೂ ಜನರನ್ನು ಒಳಗೆ ಎಳೆದುಕೊಂಡು ಇಪ್ಪತ್ತು ಜನರ ಕೆಲಸವನ್ನೂ ನೆಟ್ಟಗೆ ಮುಗಿಸುವುದಿಲ್ಲ. ಹೀಗೆ ತಡೆಯುವ ಬ್ರೇಕ್‌ಗಳು ನಿಯಮದಲ್ಲೇ ಇವೆ. ಟವರ್ ಒಂದು ವರ್ಗದ ಫೋನ್‌ಗಳಿಗೆ ಸ್ವಲ್ಪ ಹೊತ್ತು ಬಾಗಿಲು ಬಡಿಯಬೇಡಿ ಅಂತ ಸಾರಬಹುದು. ಕೋರ್ ತನಗೆ ಸಾಕಾಗಿದೆ ಅಂತ ಟವರ್‌ಗಳಿಗೆ ಹೇಳಬಹುದು. ಈ ಬ್ರೇಕ್‌ಗಳನ್ನು ಎಷ್ಟೋ ಕಡೆ ಹಾಕಿರುತ್ತಾರೆ, ಒಮ್ಮೆಯೂ ತುಳಿದು ನೋಡಿರುವುದಿಲ್ಲ.

ಅಳೆಯುವಾಗ ಸರಾಸರಿಯನ್ನು ನಂಬಬೇಡಿ. ಇದು ನಿಮಗೆ ಗೊತ್ತೇ ಇರುತ್ತದೆ, 95ನೇ ಪರ್ಸೆಂಟೈಲ್ ನೋಡಿ, ಅಂದರೆ ನೂರರಲ್ಲಿ 95 ಸಲ ಕೆಲಸ ಎಷ್ಟು ಹೊತ್ತಿನೊಳಗೆ ಮುಗಿಯಿತು ಅನ್ನುವುದು. ನಾನು ಇದಕ್ಕೆ ಒಂದು ಸೇರಿಸುತ್ತೇನೆ. ಸಾವಿರಾರು ನಕಲಿಗಳ ನಡುವೆ ಒಂದು ಅಸಲಿ ಫೋನ್ ಇಡುತ್ತೇನೆ, ಸಾಕ್ಷಿಯ ಹಾಗೆ. ಅದರಲ್ಲಿ ಕರೆ ಮಾಡಿ, ಕೇಳಿಸಿದ ದನಿಯನ್ನು ಪೋಲ್ಕಾ ಅನ್ನುವ ಅಂತರರಾಷ್ಟ್ರೀಯ ವಿಧಾನದಲ್ಲಿ ಅಳೆಯುತ್ತೇವೆ. ಅದು 1ರಿಂದ ಸುಮಾರು 5ರವರೆಗಿನ ಅಳತೆಯಲ್ಲಿ ಅಂಕ ಕೊಡುತ್ತದೆ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಸಾಕ್ಷಿಯ ದನಿ ಮಾತ್ರ ಗೊರಗೊರ. ಇಂಥದ್ದನ್ನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಇನ್ನು ದಿನಗಟ್ಟಲೆ ಒಂದೇ ಲೋಡ್‌ನಲ್ಲಿ ಓಡಿಸಿ ಮೆಮೊರಿ ಸೋರಿಕೆ ಹಿಡಿಯುವ ಪರೀಕ್ಷೆ ನೀವು ಮಾಡುವಂಥದ್ದೇ, ಅದನ್ನು ಮತ್ತೆ ವಿವರಿಸುವುದಿಲ್ಲ.

ಕೊನೆಗೆ ನಿಮ್ಮ ಲ್ಯಾಪ್‌ಟಾಪ್. ರೇಡಿಯೊ ಮುಟ್ಟಬೇಡಿ, ಲೈಸೆನ್ಸ್ ಇಲ್ಲದೆ ತರಂಗ ಬಿಡುವುದು ತಪ್ಪು. ರೇಡಿಯೊ ಇಲ್ಲದೆಯೂ ಕಲಿಯಲು ಬೇಕಾದಷ್ಟಿದೆ. ಲಿನಕ್ಸ್‌ನಲ್ಲಿ ಓಪನ್5ಜಿಎಸ್ ಹಾಕಿ, ಅದು ಉಚಿತವಾಗಿ ಸಿಗುವ 5ಜಿ ಕೋರ್. ಅದರ ಎದುರು ಯುಇರಾನ್‌ಸಿಮ್ ಓಡಿಸಿ. ಇದು ಬೇಸ್ ಸ್ಟೇಷನ್ ಮತ್ತು ಫೋನ್ ಎರಡರ ವೇಷವನ್ನೂ ಹಾಕುತ್ತದೆ. ಇವೆರಡರ ನಡುವಿನ ರೇಡಿಯೊ ಬದಲು ಇಂಟರ್ನೆಟ್‌ನ ಮಾಮೂಲಿ ಯುಡಿಪಿ ಪ್ಯಾಕೆಟ್ ಬಳಸುತ್ತದೆ. ಹಾಗಾಗಿ ನಾನು ಮೇಲೆ ಹೇಳಿದ ಪ್ರಿಯಾಂಬಲ್ ಡಿಕ್ಕಿ, ಅಂಚಿನ ಫೋನ್, ನೆರೆಯ ಗಲಾಟೆ ಇದರಲ್ಲಿ ಕಾಣುವುದಿಲ್ಲ. ನೋಂದಣಿಯ ನೂಕುನುಗ್ಗಲು ಚೆನ್ನಾಗಿ ಕಾಣುತ್ತದೆ. ಮೊದಲು ಕೋರ್‌ನ ಡೇಟಾಬೇಸ್‌ಗೆ ಒಂದಷ್ಟು ನಕಲಿ ಗ್ರಾಹಕರನ್ನು ಸೇರಿಸಿ. ಒಂದು ಫೋನ್ ಸೇರಿಸಿ, ನೆಟ್‌ವರ್ಕ್‌ನಲ್ಲಿ ಹರಿಯುವುದನ್ನು ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲಿ ನೋಡಿ. ಸಿಗ್ನಲಿಂಗ್ (ನೋಂದಣಿಯಂಥ ನಿಯಂತ್ರಣದ ಮಾತುಕತೆ) 38412ನೇ ಎಸ್‌ಸಿಟಿಪಿ ಪೋರ್ಟ್‌ನಲ್ಲಿ, ಡೇಟಾ 2152ನೇ ಯುಡಿಪಿ ಪೋರ್ಟ್‌ನಲ್ಲಿ ಹರಿಯುತ್ತದೆ. ಒಂದೇ ಒಂದು ಫೋನ್ ಒಳಗೆ ಬರಲು ಎಷ್ಟು ಮಾತುಕತೆ ನಡೆಯುತ್ತದೆ ಅಂತ ಎಣಿಸಿ. ಆಮೇಲೆ ಹತ್ತು, ನೂರು ಫೋನ್ ಬಿಡಿ. ಮೊದಲ ಸಲ ಚದುರಿಸಿ, ಎರಡನೇ ಸಲ ಎಲ್ಲ ಒಟ್ಟಿಗೆ. ನೋಂದಣಿಗೆ ಹಿಡಿದ ಸಮಯವನ್ನು ಎರಡೂ ಸಲ ಬರೆದಿಟ್ಟುಕೊಳ್ಳಿ. ಮೂರನೇ ಸಲ ನಡುವೆ ಕೋರ್‌ನಲ್ಲಿ ಫೋನ್‌ಗಳ ನೋಂದಣಿ ನೋಡಿಕೊಳ್ಳುವ ಎಎಂಎಫ್ ಪ್ರಕ್ರಿಯೆಯನ್ನು ಕೊಂದು ಮತ್ತೆ ಎಬ್ಬಿಸಿ. ನಕಲಿ ಫೋನ್‌ಗಳು ತಾವಾಗಿಯೇ ವಾಪಸ್ ಬರದಿದ್ದರೆ ಗಾಬರಿಯಾಗಬೇಡಿ, ಅವನ್ನು ಮತ್ತೆ ಓಡಿಸುವ ಸ್ಕ್ರಿಪ್ಟ್ ನೀವೇ ಬರೆಯಿರಿ. ಬರೆಯುವಾಗ ಸೋತ ಫೋನ್ ಎಷ್ಟು ಸೆಕೆಂಡ್ ಕಾಯಬೇಕು ಅನ್ನುವ ಜಾಗದಲ್ಲಿ ಒಂದು ಸಂಖ್ಯೆ ಹಾಕಲೇಬೇಕಾಗುತ್ತದೆ. ಆ ಸಂಖ್ಯೆಯನ್ನು ಎಲ್ಲರಿಗೂ ಒಂದೇ ಇಟ್ಟು ಒಮ್ಮೆ, ಪ್ರತಿಯೊಬ್ಬರಿಗೂ ಬೇರೆ ಬೇರೆ ಇಟ್ಟು ಒಮ್ಮೆ ಓಡಿಸಿ, ಎರಡು ಗ್ರಾಫ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ.